ಬಡ ಮಕ್ಕಳ ಬಗ್ಗೆ ಸಂಶೋಧನೆ ಮಾಡುವವರ ಕೆಲಸ ನಿಜಕ್ಕೂ ಏನು?

ಬಡತನ ಕಣ್ಣಿಗೇ ಕಾಣುತ್ತದೆ, ಹಣ ಕೊಟ್ಟರೆ ಆಯಿತು, ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ ಅಂತ ಕೇಳಿದ್ದೀರಿ. ಈ ಕೆಲಸಕ್ಕೆ ಬರಬೇಕಾದರೆ ಏನು ಓದಬೇಕು ಅಂತಲೂ ಕೇಳಿದ್ದೀರಿ. ನಾನು ಅಮೆರಿಕದಲ್ಲಿ ಇದೇ ಕೆಲಸದಲ್ಲಿದ್ದೇನೆ, ಹಾಗಾಗಿ ಅಲ್ಲಿನ ವಿಷಯವನ್ನೇ ಹೇಳುತ್ತೇನೆ.

ಹಣ ಕೊಡಬೇಕು ಅನ್ನುವುದು ಸರಿ. ಆದರೆ ಕೊಟ್ಟ ಹಣ ಯಾವ ಮಗುವಿನ ಮನೆಗೆ ತಲುಪಲಿಲ್ಲ, ಯಾಕೆ ತಲುಪಲಿಲ್ಲ ಅಂತ ಯಾರಾದರೂ ಹುಡುಕಬೇಕಲ್ಲ?

ಅಲ್ಲಿನ ಮಕ್ಕಳ ತೆರಿಗೆ ರಿಯಾಯಿತಿಯನ್ನೇ ನೋಡಿ. ಮಕ್ಕಳಿರುವ ಮನೆಗೆ ಸರ್ಕಾರ ತೆರಿಗೆಯ ಮೂಲಕ ಕೊಡುವ ನೆರವು ಅದು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 2020ರಲ್ಲಿದ್ದ ನಿಯಮದ ಪ್ರಕಾರ ವರ್ಷಕ್ಕೆ 2,500 ಡಾಲರ್‌ಗಿಂತ ಕಡಿಮೆ ದುಡಿದ ಮನೆಗೆ ಒಂದು ಪೈಸೆಯೂ ಇಲ್ಲ. ಅದಕ್ಕಿಂತ ಸ್ವಲ್ಪ ಜಾಸ್ತಿ ದುಡಿದವರಿಗೂ ಪೂರ್ತಿ ಮೊತ್ತ ಸಿಗುತ್ತಿರಲಿಲ್ಲ. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರೇ ಹೊರಗೆ. ಹೀಗೆ ಎಷ್ಟು ಮಕ್ಕಳು ಬಿಟ್ಟುಹೋಗಿದ್ದಾರೆ ಅಂತ ತಿಳಿಯಲು ಸಮೀಕ್ಷೆಯ ಒಂದೊಂದು ಮನೆಯ ಆದಾಯಕ್ಕೂ ತೆರಿಗೆ ನಿಯಮ ಅನ್ವಯಿಸಿ ಲೆಕ್ಕ ಹಾಕಬೇಕು. ನನ್ನ ಬಹುಪಾಲು ಸಮಯ ಹೋಗುವುದು ಇಂಥ ಲೆಕ್ಕದಲ್ಲೇ.

2021ರಲ್ಲಿ, ಆ ಒಂದು ವರ್ಷಕ್ಕೆ ಮಾತ್ರ, ನಿಯಮ ಬದಲಾಯಿತು. ಜುಲೈನಿಂದ ಡಿಸೆಂಬರ್‌ವರೆಗೆ 6 ವರ್ಷದೊಳಗಿನ ಮಗುವಿಗೆ ತಿಂಗಳಿಗೆ 300 ಡಾಲರ್, ದೊಡ್ಡ ಮಕ್ಕಳಿಗೆ 250 ಡಾಲರ್. ದುಡಿಮೆ ಇಲ್ಲದ ಮನೆಗೂ ಸಿಕ್ಕಿತು. ಆ ವರ್ಷ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಕೋವಿಡ್ ಪರಿಹಾರದ ಹಣವೂ ಬಂದಿತ್ತು, ಹಾಗಾಗಿ ಎಲ್ಲವೂ ಇದರಿಂದಲೇ ಅನ್ನುವುದು ತಪ್ಪು. ಆದರೆ ಹಳೆಯ ನಿಯಮ ವಾಪಸ್ ಬಂದ 2022ರಲ್ಲಿ ಅದೇ ಅಂಕಿ ಶೇ 12.4. ಬಡತನ ಹೇಗೆ ಇಳಿಯುತ್ತದೆ ಅಂತ ಗೊತ್ತಾದ ಮೇಲೂ ನಿಲ್ಲಿಸಿಬಿಟ್ಟರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಂದಹಾಗೆ, ಇವು ತೆರಿಗೆ ರಿಯಾಯಿತಿ, ಆಹಾರ ನೆರವನ್ನೂ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುವ ಹೊಸ ಅಳತೆಯ ಅಂಕಿಗಳು. ಅಮೆರಿಕದ ಅಧಿಕೃತ ಬಡತನ ರೇಖೆ 1960ರ ದಶಕದ್ದು. ಮೋಲಿ ಒರ್ಶಾನ್‌ಸ್ಕಿ ಅನ್ನುವ ಸರ್ಕಾರಿ ಅರ್ಥಶಾಸ್ತ್ರಜ್ಞೆ, ಊಟದ ಕನಿಷ್ಠ ಖರ್ಚನ್ನು ಮೂರು ಪಟ್ಟು ಮಾಡಿ ಅದನ್ನು ರೂಪಿಸಿದರು. ತೆರಿಗೆ ರಿಯಾಯಿತಿ, ಆಹಾರ ನೆರವು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಅದೊಂದನ್ನೇ ನೋಡಿಕೊಂಡು ಕೂತರೆ, ಎಷ್ಟು ಕೊಟ್ಟರೂ ಬಡತನ ಇಳಿಯಲಿಲ್ಲ ಅಂತ ಸುಲಭವಾಗಿ ವಾದಿಸಬಹುದು. ವಾದಿಸುತ್ತಾರೆ ಕೂಡ.

ಇನ್ನು ಅರ್ಜಿಗಳ ಕಥೆ. ಬಡವರ ಆರೋಗ್ಯ ವಿಮೆ ಮೆಡಿಕೇಡ್‌ನಲ್ಲಿ ಕೋವಿಡ್ ಕಾಲದಲ್ಲಿ ನಿಂತಿದ್ದ ನವೀಕರಣ 2023ರಲ್ಲಿ ಮತ್ತೆ ಶುರುವಾಯಿತು. ವಿಮೆ ಕಳೆದುಕೊಂಡವರಲ್ಲಿ ಹೆಚ್ಚಿನವರನ್ನು ತೆಗೆದದ್ದು ಅವರು ಅರ್ಹರಲ್ಲ ಅಂತ ಸಾಬೀತಾಗಿ ಅಲ್ಲ. ಕಾಗದಪತ್ರದ ಕೆಲಸ ಪೂರ್ತಿಯಾಗಲಿಲ್ಲ, ಅಷ್ಟೇ. ಪತ್ರ ಹಳೇ ವಿಳಾಸಕ್ಕೆ ಹೋಗಿರುತ್ತದೆ. ಫೋನ್ ಮಾಡಿದರೆ ಗಂಟೆಗಟ್ಟಲೆ ಕಾಯಬೇಕು, ಕಾಯೋಕೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಇಂಥದ್ದೆಲ್ಲ ಅಂಕಿಗಳಲ್ಲಿ ಕಾಣುವುದಿಲ್ಲ. ತಾಯಂದಿರ ಜೊತೆ ಕೂತು, ಅವರು ಹೇಳುವುದನ್ನು ಅವಸರ ಮಾಡದೆ ಕೇಳಬೇಕು.

ಓದಿನ ವಿಷಯ: ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ಯಾವುದಾದರೂ ಆಗುತ್ತದೆ. ಸಂಖ್ಯಾಶಾಸ್ತ್ರವನ್ನು ಮಾತ್ರ ಬಿಡಬೇಡಿ. ಜೊತೆಗೆ ಯಾವುದಾದರೂ ಒಂದು ಯೋಜನೆಯ ಅರ್ಜಿಯನ್ನು ಮೊದಲಿನಿಂದ ಕೊನೆವರೆಗೆ ನೀವೇ ತುಂಬಿ ನೋಡಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಮೊದಲ ಸಂಶೋಧನೆಯ ಪ್ರಶ್ನೆ ಅಲ್ಲೇ ಸಿಗಬಹುದು.