ನಲ್ಲಿ ಬುಡದಲ್ಲಿ ನೀರು: ಟೇಪ್ ಎಷ್ಟು ಸುತ್ತು, ಯಾವ ಕಡೆಗೆ?

ಪ್ರಶ್ನೆ: ಬಚ್ಚಲುಮನೆಯ ಹಳೆ ನಲ್ಲಿ ತೆಗೆದು ನಮ್ಮ ಮನೆಯವರೇ ಹೊಸದು ಹಾಕಿದರು. ಅರ್ಧ ರೋಲ್ ಟೆಫ್ಲಾನ್ ಟೇಪ್ ಸುತ್ತಿದ್ದಾರೆ. ಪೂರ್ತಿ ಬಿಗಿ ಮಾಡಿದಾಗ ನಲ್ಲಿಯ ಮೂತಿ ಓರೆಯಾಯಿತೆಂದು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೆಟ್ಟಗೆ ಮಾಡಿದರು. ಈಗ ಬುಡದಲ್ಲಿ ನೀರು ಜಿನುಗುತ್ತಿದೆ. ಮೇಲಿಂದ ಎಂ-ಸೀಲ್ ಮೆತ್ತಬಹುದೇ?
— ಗೃಹಿಣಿ, ತಿಪಟೂರು

ಉತ್ತರ: ಇಲ್ಲ ತಾಯೀ, ಮೆತ್ತಬೇಡಿ. ಕಾಯಿಲೆ ಏನೆಂದು ನೀವೇ ಬರೆದಿದ್ದೀರಿ: ‘ಸ್ವಲ್ಪ ಹಿಂದಕ್ಕೆ ತಿರುಗಿಸಿ’. ಬಿಗಿಯಾದ ಥ್ರೆಡ್ಡನ್ನು ಕಾಲು ಸುತ್ತು ಹಿಂದಕ್ಕೆ ತಂದರೂ ಟೇಪಿನ ಹಿಡಿತ ಹೋಯಿತೆಂದೇ ಲೆಕ್ಕ.

ಇದೇ ತಪ್ಪು ನಾನೂ ಮಾಡಿದ್ದೇನೆ. ದಾವಣಗೆರೆಯಲ್ಲಿ ಕೆಲಸ ಕಲಿತ ಹೊಸತು. ಒಬ್ಬ ಮೇಷ್ಟರ ಮನೆಯಲ್ಲಿ ನಲ್ಲಿ ಹಾಕಿ, ಮೂತಿ ನೆಟ್ಟಗಿರಲೆಂದು ಒಂದಿಷ್ಟು ಹಿಂದಕ್ಕೆ ಎಳೆದೆ. ನಲ್ಲಿಯ ಬುಡ ಮುಚ್ಚುವ ದುಂಡನೆಯ ಬಿಲ್ಲೆಯನ್ನು ಗೋಡೆಗೆ ಒತ್ತಿ ಕೂರಿಸಿದ್ದರಿಂದ ಹೊರಗೆ ಹನಿಯೂ ಕಾಣಲಿಲ್ಲ. ಕೂಲಿ ಇಸಕೊಂಡು ಬಂದೆ. ನೀರು ಬಿಲ್ಲೆಯ ಹಿಂದೆಯೇ ಗೋಡೆಯೊಳಕ್ಕೆ ಇಳಿದು, ನಾಲ್ಕನೇ ದಿನ ಆಚೆ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದ ಜೋಳದ ಚೀಲ ನೆನೆದು ಮೊಳಕೆ ಬಂದಿತ್ತು. ಮೇಷ್ಟರು ಬೈಯಲಿಲ್ಲ. ಆ ಮೊಳಕೆಯನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು, ಅಷ್ಟೆ. ಈಗಲೂ ನಲ್ಲಿ ಕೂರಿಸಿದ ಮೇಲೆ ಬಿಲ್ಲೆಯನ್ನು ಮುಂದಕ್ಕೆ ಎಳೆದಿಟ್ಟು, ಬುಡಕ್ಕೆ ನ್ಯೂಸ್‌ಪೇಪರಿನ ತುಂಡು ಸುತ್ತಿ ಒಂದು ರಾತ್ರಿ ಬಿಡುತ್ತೇನೆ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ.

ಟೇಪಿನ ವಿಷಯಕ್ಕೆ ಬರೋಣ. ತುಂಬ ಜನ ಅದನ್ನು ಅಂಟು ಅಂದುಕೊಂಡಿದ್ದಾರೆ. ಅದು ಅಂಟಿಗೆ ತದ್ವಿರುದ್ಧ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಫ್ರಿಜ್ಜಿಗೆ ಬೇಕಾದ ಗ್ಯಾಸ್ ಹುಡುಕುವಾಗ ಅಕಸ್ಮಾತ್ ಸಿಕ್ಕಿದ ವಸ್ತು ಅದು. ನಾನ್‌ಸ್ಟಿಕ್ ಕಾವಲಿಗೆ ಬಳಿಯುವುದೂ ಅದನ್ನೇ. ದೋಸೆಯನ್ನೇ ಹಿಡಿದುಕೊಳ್ಳದ್ದು ಪೈಪನ್ನು ಹಿಡಿದುಕೊಂಡೀತೇ? ಹಿಡಿಯುವ ಕೆಲಸ ಥ್ರೆಡ್ಡಿನದು. ಟೇಪ್ ಮಾಡುವುದು ಎರಡೇ: ಸಲೀಸಾಗಿ ತಿರುಗುವಂತೆ ಜಾರಿಸುವುದು, ಥ್ರೆಡ್ಡುಗಳ ನಡುವಿನ ಸಂದು ತುಂಬುವುದು. ಅದಕ್ಕೇ ಅರ್ಧ ರೋಲ್ ಸುತ್ತಿದರೆ ಲಾಭವಿಲ್ಲ. ಟೇಪಿನ ಮುದ್ದೆ ಬಾಯಲ್ಲೇ ಕೂತು ನಲ್ಲಿಯನ್ನು ಒಳಗೆ ಹೋಗಲು ಬಿಡುವುದಿಲ್ಲ.

ಮೊದಲು ಗೇಟ್ ವಾಲ್ವ್ ಮುಚ್ಚಿ ನಲ್ಲಿ ಬಿಚ್ಚಿ. ಹಳೆ ಟೇಪಿನ ಚೂರನ್ನೆಲ್ಲ ದಬ್ಬಳದಿಂದ ಕೆದಕಿ ತೆಗೆಯಿರಿ. ಗೋಡೆಯೊಳಗಿನ ಫಿಟ್ಟಿಂಗಿನ ಥ್ರೆಡ್ಡನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರಾದರೆ ಅಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ, ಅದೂ ಹೋಗಬೇಕು.

ನಲ್ಲಿಯನ್ನು ಎಡಗೈಯಲ್ಲಿ ಹಿಡಿಯಿರಿ, ಥ್ರೆಡ್ಡಿನ ತುದಿ ನಿಮ್ಮ ಮುಖಕ್ಕೆ ಇರಲಿ. ತುದಿಯ ಒಂದು ಥ್ರೆಡ್ ಬರಿದಾಗಿ ಬಿಡಿ. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಜಾಲರಿಯಲ್ಲೋ ಶವರಿನಲ್ಲೋ ಸಿಕ್ಕಿಕೊಳ್ಳುತ್ತದೆ. ಟೇಪಿನ ಕೊನೆಯನ್ನು ಹೆಬ್ಬೆರಳಲ್ಲಿ ಒತ್ತಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಸುಲಿದು ಬುಡದಲ್ಲಿ ಗಡ್ಡದ ಹಾಗೆ ಜೋತುಬೀಳುತ್ತದೆ. ಆ ಗಡ್ಡ ಕಂಡರೆ ಬಿಚ್ಚಿ ಮತ್ತೆ ಸುತ್ತುವುದೇ ಸರಿ. ಟೇಪಿನೊಳಗಿಂದ ಥ್ರೆಡ್ಡಿನ ಏಣು ಕಾಣುವಷ್ಟು ಎಳೆದು ಸುತ್ತಬೇಕು. ಅಂಗಡಿಯಲ್ಲಿ ಸಿಗುವ ತೆಳು ಟೇಪಾದರೆ ಅರ್ಧ ಇಂಚಿನ ನಲ್ಲಿಗೆ ಎಂಟು ಹತ್ತು ಸುತ್ತು, ದಪ್ಪದ್ದಾದರೆ ಐದಾರು. ಇದು ನನ್ನ ಕೈಲೆಕ್ಕ. ಕೊನೆಗೆ ಟೇಪನ್ನು ಕತ್ತರಿಸಬೇಡಿ, ಎಳೆದು ಹರಿದು, ಉಗುರಿನಿಂದ ಥ್ರೆಡ್ಡಿನ ಸಾಲಿಗೆ ಒತ್ತಿಬಿಡಿ.

ಈಗ ಮೂತಿಯ ಸಮಸ್ಯೆ. ಬಿಗಿಯಾಗುತ್ತ ಬಂದಾಗ ಮೂತಿ ನೆಟ್ಟಗಾಗಲು ಇನ್ನೂ ಕಾಲು ಸುತ್ತು ಬೇಕಿದ್ದರೆ ಮುಂದಕ್ಕೇ ಹೋಗಿ. ಮುಂದಕ್ಕೆ ಹೋಗಲು ಹಟ ಮಾಡಿದರೆ ಬಲ ಹಾಕಬೇಡಿ, ಪೂರ್ತಿ ಬಿಚ್ಚಿ, ಒರೆಸಿ, ಹೊಸ ಟೇಪ್ ಸುತ್ತಿ. ಈ ಸಲ ಒಂದೆರಡು ಸುತ್ತು ಕಡಿಮೆ ಮಾಡಿದರೆ ನಲ್ಲಿ ಇನ್ನಷ್ಟು ಒಳಗೆ ಹೋಗಿ ನಿಲ್ಲುತ್ತದೆ, ಜಾಸ್ತಿ ಮಾಡಿದರೆ ಬೇಗ ಬಿಗಿಯಾಗುತ್ತದೆ. ನನಗೂ ಕೆಲವು ಸಲ ಮೂರನೇ ಸಲಕ್ಕೇ ಸರಿಹೋಗುವುದು.

ಎಂ-ಸೀಲ್ ತನ್ನ ಕೆಲಸಕ್ಕೆ ಒಳ್ಳೆಯದೇ. ಆದರೆ ಒಳಗೆ ಒತ್ತಡವಿರುವ ನೀರನ್ನು ಹೊರಗಿಂದ ಮುಚ್ಚಿದರೆ ಅದು ಗೋಡೆಯ ಕಡೆಗೆ ದಾರಿ ಹುಡುಕುತ್ತದೆ. ಜೋಳದ ಚೀಲ ನೆನಪಿರಲಿ.

ಪ್ರಶ್ನೆ: ಗೀಸರಿಗೆ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪ್ ಹಾಕಿಸುತ್ತಿದ್ದೇವೆ. ಕೆಲಸದವನು ಥ್ರೆಡ್ಡಿಗೂ ಪೈಪಿನ ಸೊಲ್ಯೂಷನ್ ಹಚ್ಚುತ್ತೇನೆ ಅನ್ನುತ್ತಾನೆ. ನಮ್ಮ ತಂದೆಯವರು ಸಣಬು, ಸಫೇದಾ (ಥ್ರೆಡ್ಡಿಗೆ ಹಚ್ಚುವ ಬಿಳಿ ಪೇಸ್ಟ್) ಹಾಕಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗ, ಹಾವೇರಿ

ಉತ್ತರ: ಇಬ್ಬರದೂ ಬೇಡ. ಸೊಲ್ಯೂಷನ್ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬೆಸೆಯಲು ಇರುವುದು. ಹಿತ್ತಾಳೆಯ ಥ್ರೆಡ್ಡಿಗೆ ಹಚ್ಚಿದರೆ ಒಣಗಿ ಸಿಪ್ಪೆಯಾಗುತ್ತದೆ. ಥ್ರೆಡ್ಡೂ ಪ್ಲಾಸ್ಟಿಕ್ಕಿನದಾದರೆ ಮುಂದೆ ಬಿಚ್ಚಲು ಗರಗಸವೇ ಬೇಕು.

ನಿಮ್ಮ ತಂದೆಯವರ ಮಾತು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಕಾಲದ್ದು, ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಜಿಐ ಪೈಪಿನ ಥ್ರೆಡ್ ತುದಿಗೆ ಬರುತ್ತ ಸಣ್ಣಗಾಗುತ್ತದೆ, 16 ಮಿ.ಮೀ. ಉದ್ದಕ್ಕೆ 1 ಮಿ.ಮೀ.ನಷ್ಟು. ತಿರುಗಿಸಿದಷ್ಟೂ ಬೆಣೆಯ ಹಾಗೆ ಕಚ್ಚುತ್ತದೆ. ನಡುವೆ ಇರುವ ಸಣಬು ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತದೆ. ನಮ್ಮ ಮಾವ ನನ್ನಿಂದ ಒಂದು ತಿಂಗಳು ಬರೀ ಸಣಬು ಬಾಚಿಸಿದ್ದರು, ಸಫೇದಾ ಡಬ್ಬಿ ಮುಟ್ಟಲು ಬಿಟ್ಟಿರಲಿಲ್ಲ. ಆದರೆ ಹಳೆಯ ಸಫೇದಾದಲ್ಲಿ ಸೀಸ ಇರುತ್ತಿತ್ತು, ಕುಡಿಯುವ ನೀರಿಗೆ ಅದು ವಿಷ. ಎಣ್ಣೆಯಲ್ಲಿ ಕಲಸಿದ ಪೇಂಟ್, ಪೇಸ್ಟುಗಳನ್ನು ಸಿಪಿವಿಸಿಗೆ ಹಚ್ಚಬಾರದು. ಪ್ಲಾಸ್ಟಿಕ್ ನಿಧಾನವಾಗಿ ಬಿರುಕು ಬಿಡಬಹುದು.

ಟೆಫ್ಲಾನ್ ಟೇಪ್ ಸಾಕು, ಗೀಸರಿನ ಬಿಸಿ ಅದಕ್ಕೆ ಲೆಕ್ಕವೇ ಅಲ್ಲ. ಗೀಸರಿಗೆ ಸೇರುವ ಜಾಗಕ್ಕೆ ಒಳಗೆ ಹಿತ್ತಾಳೆ ಕೂರಿಸಿದ ಫಿಟ್ಟಿಂಗನ್ನೇ ತರಿಸಿ. ಪೂರ್ತಿ ಪ್ಲಾಸ್ಟಿಕ್ಕಿನದಾದರೆ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಿಂದ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಟೇಪ್ ಜಾರುವುದರಿಂದ ಬಿಗಿಯಾದದ್ದು ಕೈಗೇ ತಿಳಿಯುವುದಿಲ್ಲ. ‘ಟಕ್’ ಅಂದ ಮೇಲೆ ತಿಳಿದರೆ ಫಿಟ್ಟಿಂಗ್ ಸೀಳಿರುತ್ತದೆ.

ಪ್ರಶ್ನೆ: ವಾಷ್ ಬೇಸಿನ್ ಕೆಳಗಿನ ಕನೆಕ್ಷನ್ ಪೈಪಿಗೆ ಟೇಪ್ ಸುತ್ತಬೇಕೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. ಅದರ ನಟ್ಟಿನೊಳಗೆ ರಬ್ಬರ್ ವಾಷರ್ ಇದೆ, ನೀರು ತಡೆಯುವುದು ಅದೇ. ಟೇಪ್ ಸುತ್ತಿದರೆ ನಟ್ ಅರ್ಧಕ್ಕೇ ಬಿಗಿಯಾಗಿ ವಾಷರ್ ಕೂರುವುದೇ ಇಲ್ಲ. ಆ ಪೈಪಿಗೆ ನೀರು ಬಿಡುವ ಪುಟ್ಟ ನಲ್ಲಿ, ಅಂದರೆ ಆಂಗಲ್ ಕಾಕ್, ಗೋಡೆಗೆ ಸೇರುವ ಕಡೆಗೆ ಮಾತ್ರ ಟೇಪ್ ಬೇಕು. ಈಗಾಗಲೇ ಸೋರುತ್ತಿದ್ದರೆ ವಾಷರ್ ತೆಗೆದು ಮಡಚಿ ನೋಡಿ, ಸೀಳು ಕಂಡರೆ ಹೊಸದು ಹಾಕಿ.