ಸ್ಕೇಲ್ ಅಷ್ಟೇ ಇದ್ರೂ ಹರಿವು ಕಮ್ಮಿ ಯಾಕೆ

ಬೇಸಿಗೇಲಿ ಹೊಳೇಲಿ ನಿಲ್ಲಿಸಿರೋ ಅಳತೆ ಸ್ಕೇಲ್ ಮೇಲೆ ನೀರಿನ ಮಟ್ಟ ಅಷ್ಟೇ ಇದ್ರೂ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರೀತು ಅನ್ನೋ ಲೆಕ್ಕ) ಯಾಕೆ ಕಮ್ಮಿ ತೋರಿಸ್ತಾರೆ ಅಂತ ಕೇಳಿದ್ರಲ್ಲ ಸರ್, ಮಟ್ಟ ಬೇರೆ ಹರಿವು ಬೇರೆ. ಗುಂಡೀಲಿ ನಿಂತ ನೀರೂ ಸ್ಕೇಲ್ ಮುಟ್ಟುತ್ತೆ, ಹರಿವು ಸೊನ್ನೆ ಇರಬಹುದು. ಮಟ್ಟ ನೋಡಿ ಹರಿವು ಹೇಳೋಕೆ ರೇಟಿಂಗ್ ಕರ್ವ್ ಅಂತ, ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಅನ್ನೋ ಗೆರೆ ನಕ್ಷೆ ಇಟ್ಕೊಂಡಿರ್ತಾರೆ, ಆದ್ರೆ ನೀರೇ ಮೊಣಕಾಲುದ್ದ ಇರೋವಾಗ ತಳದಲ್ಲಿ ಒಂಚೂರು ಮರಳು ಸರಿದ್ರೂ, ಪಾಚಿ ಬೆಳೆದ್ರೂ ಆ ಲೆಕ್ಕಾನೇ ಕೆಡುತ್ತೆ. ಅದಕ್ಕೆ ಆಗಾಗ ನೀರಿಗಿಳಿದು, ದಡದಿಂದ ದಡಕ್ಕೆ ಹಗ್ಗ ಕಟ್ಟಿ, ತುಂಡು ತುಂಡಾಗಿ ಆಳ ಅಳೆದು, ನೀರಿನ ವೇಗ ಅಳೆಯೋ ಕರೆಂಟ್ ಮೀಟರ್‌ನ ಮೇಲಿಂದ ಆಳದ ಹತ್ತರಲ್ಲಿ ಆರು ಪಾಲಿಗೆ ಹಿಡಿದು ವೇಗ ನೋಡ್ಬೇಕು. ಕಾವೇರಿದಾದ್ರೆ ಬಿಳಿಗುಂಡ್ಲು ಸ್ಟೇಷನ್ ಅಂಕಿ ನೋಡಿ, ತಮಿಳುನಾಡಿಗೆ ಎಷ್ಟು ಹೋಯ್ತು ಅನ್ನೋ ಲೆಕ್ಕ ಅಲ್ಲೇ. ಟಿವೀಲಿ ಬರೋ ಕೆಆರ್‌ಎಸ್ 124.80 ಅಡಿ ಡ್ಯಾಂ ತುಂಬಿದಾಗಿನ ಮಟ್ಟ ಅಷ್ಟೇ, ಹರಿವಲ್ಲ.