ಅಲ್ಯೂಮಿನಿಯಂ ಕಾಯಿಸಿ ನೀರಿಗೆ ಹಾಕಿದ್ರೆ ಮೆತ್ತಗಾಗೋದ್ಯಾಕೆ?

ಪ್ರಶ್ನೆ: ಸರ್, 6061 ಅಲ್ಯೂಮಿನಿಯಂ ಬ್ರಾಕೆಟ್ ಒಂದನ್ನ ಗಟ್ಟಿ ಮಾಡೋಣ ಅಂತ ಸ್ಟೀಲಿಗೆ ಮಾಡೋ ಥರಾನೇ ಕಾಯಿಸಿ ನೀರಿಗೆ ಅದ್ದಿದೆ. ಈಗ ಕೈಯಲ್ಲೇ ಬಗ್ಗತ್ತೆ! ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿಲ್ಲ, ಕೆಲಸ ಅರ್ಧಕ್ಕೇ ನಿಂತಿದೆ ಅಷ್ಟೆ. ಸ್ಟೀಲು ನೀರಿಗೆ ಬಿದ್ದ ಕ್ಷಣಾನೇ ಗಟ್ಟಿಯಾಗತ್ತೆ, ಅಲ್ಯೂಮಿನಿಯಂ ಹಂಗಲ್ಲ, ನೀರಿಂದ ಎತ್ತಿದಾಗ ಮೆತ್ತಗೇ ಇರತ್ತೆ, ಗಟ್ಟಿಯಾಗೋದೆಲ್ಲ ಆಮೇಲೆ.

6061 ಅನ್ನೋದು ಒಂದು ಅಲ್ಯೂಮಿನಿಯಂ ಮಿಶ್ರಲೋಹದ ನಂಬರು, ಅದರಲ್ಲಿ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್ ಇರತ್ತೆ. ಸುಮಾರು 530 ಡಿಗ್ರಿಗೆ ಕಾಯಿಸಿ ಹಿಡಿದ್ರೆ ಇವೆರಡೂ ಅಲ್ಯೂಮಿನಿಯಂ ಒಳಗೆ ಕರಗಿ ಹರಡ್ಕೊಳ್ತವೆ, ತಕ್ಷಣ ನೀರಿಗೆ ಹಾಕಿದ್ರೆ ಹೊರಗೆ ಬರೋಕೆ ಟೈಮ್ ಸಿಗದೆ ಅಲ್ಲೇ ಸಿಕ್ಕಿಹಾಕ್ಕೊಳ್ತವೆ. ಆಮೇಲೆ 160ರಿಂದ 175 ಡಿಗ್ರಿಲಿ ಎಂಟು ಗಂಟೆನೋ ಅದಕ್ಕೂ ಜಾಸ್ತಿನೋ ಇಟ್ರೆ ನಿಧಾನವಾಗಿ ಒಟ್ಟುಗೂಡಿ ನ್ಯಾನೋಮೀಟರ್ ಲೆಕ್ಕದ ಕಣಗಳಾಗ್ತವೆ. ಇದಕ್ಕೇ ಏಜಿಂಗ್ ಅನ್ನೋದು. ಲೋಹ ಬಗ್ಗತ್ತೆ ಅಂದ್ರೆ ಒಳಗೆ ಪರಮಾಣುಗಳ ಸಾಲು ಜಾರ್ತಿದೆ ಅಂತ, ಆ ಜಾರಾಟ ಈ ಕಣಗಳಿಗೆ ಬೇಲಿ ಮುಳ್ಳಿಗೆ ಸೀರೆ ಸೆರಗು ಸಿಕ್ಕಿಕೊಂಡಂಗೆ ಸಿಕ್ಕಿಕೊಳ್ಳತ್ತೆ. ಪೂರ್ತಿ ಮೆತ್ತಗೆ ಮಾಡಿದ 6061 ಸುಮಾರು 55 ಮೆಗಾಪ್ಯಾಸ್ಕಲ್ ಒತ್ತಡಕ್ಕೇ ಬಗ್ಗಿಬಿಟ್ರೆ, ಸರಿಯಾಗಿ ಏಜಿಂಗ್ ಆದದ್ದು (ಟಿ6 ಅಂತಾರೆ) ಸುಮಾರು 275ರವರೆಗೆ ತಡೀತದೆ.

ಜಾಸ್ತಿ ಹೊತ್ತು ಇಟ್ರೆ ಇನ್ನೂ ಗಟ್ಟಿಯಾಗತ್ತೆ ಅನ್ಕೋಬೇಡಿ. ಸಣ್ಣ ಕಣಗಳು ಕರಗಿ ದೊಡ್ಡವಕ್ಕೆ ಸೇರ್ತಾ ಹೋಗ್ತವೆ, ಮುಳ್ಳುಗಳ ಮಧ್ಯೆ ಜಾಗ ಬಿಟ್ಕೊಳ್ಳತ್ತೆ, ಸೆರಗು ಆರಾಮಾಗಿ ನುಸುಳತ್ತೆ. ವೆಲ್ಡಿಂಗ್ ಪಕ್ಕದ ಜಾಗ ವೀಕ್ ಆಗೋದಕ್ಕೂ ವೆಲ್ಡಿಂಗಿನ ಬಿಸಿ ಈ ಕಣಗಳನ್ನ ಕೆಡಿಸೋದೇ ಕಾರಣ.

ಈ ಏಜಿಂಗ್ ವಿದ್ಯೆ ಸಿಕ್ಕಿದ್ದೂ ಅಚಾನಕ್ಕಾಗೇ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಸೇರಿಸಿದ ಅಲ್ಯೂಮಿನಿಯಮ್ಮನ್ನ ಕಾಯಿಸಿ ನೀರಿಗೆ ಹಾಕಿದ್ರು, ಆಗ ಮೆತ್ತಗಿದ್ದದ್ದು ಸುಮ್ನೆ ಇಟ್ಟಲ್ಲೇ ಗಟ್ಟಿಯಾಗಿತ್ತು. ಮುಂದೆ ಡ್ಯುರಾಲುಮಿನ್ ಆಗಿ ಹೆಸರಾಗಿದ್ದು ಅದೇ. ಆ ಜಾತಿಯ ಕೆಲವು ವಿಮಾನದ ರಿವೆಟ್‌ಗಳನ್ನ ಬಡಿಯೋವರೆಗೂ ಫ್ರೀಜರ್‌ನಲ್ಲಿಡ್ತಾರೆ, ಹೊರಗಿಟ್ರೆ ತಾವೇ ಗಟ್ಟಿಯಾಗಿಬಿಡ್ತವೆ ನೋಡಿ.

ನಿಮ್ಮ ಬ್ರಾಕೆಟ್ಟಿಗೆ ಬರೋಣ. ಗ್ಯಾಸ್ ಟಾರ್ಚಲ್ಲಿ ಕಾಯಿಸಿದ್ರೆ ಅಂದಾಜು ಸಿಗಲ್ಲ, ಅಲ್ಯೂಮಿನಿಯಂ ಕೆಂಪಗಾಗಿ ಸೂಚನೆ ಕೊಡಲ್ಲ, ನೋಡ್ತಾ ನೋಡ್ತಾ ಕರಗಿ ಕೆಳಗೆ ಬೀಳತ್ತೆ. ಟೆಂಪರೇಚರ್ ಕಂಟ್ರೋಲ್ ಇರೋ ಫರ್ನೇಸಲ್ಲಿ 530ಕ್ಕೆ ಮತ್ತೆ ಕಾಯಿಸಿ, ತೆಗೆದ ಕೆಲವೇ ಸೆಕೆಂಡಲ್ಲಿ ನೀರಿಗೆ ಹಾಕಿ, ಸೊಟ್ಟಗಾಗಿದ್ರೆ ಆಗ್ಲೇ ನೆಟ್ಟಗೆ ಮಾಡ್ಕೊಂಡು ಏಜಿಂಗಿಗೆ ಇಡಿ. ಅದಕ್ಕೂ ಮುಂಚೆ ಅದು ನಿಜವಾಗ್ಲೂ 6061 ಹೌದಾ ನೋಡಿ, 5052 ಅನ್ನೋ ಬೇರೆ ಅಲ್ಯೂಮಿನಿಯಂ ಮಿಶ್ರಲೋಹ ಆಗಿದ್ರೆ ಎಷ್ಟು ಕಾಯಿಸಿದ್ರೂ ಗಟ್ಟಿಯಾಗಲ್ಲ.